ಅಪಘಾತ ಪರಿಹಾರದ ಕೇಸು ನಿವೃತ್ತ ನ್ಯಾಯಾಧೀಶರ ಮಧ್ಯಸ್ಥಿಕೆಗೆ ಹೋದಾಗ: ಗಾಯಾಳು ಮತ್ತು ಮನೆಯವರಿಗೆ ಒಂದು ಮಾರ್ಗದರ್ಶಿ

ಅಪಘಾತ ಪರಿಹಾರದ ಕೇಸನ್ನು ಕೋರ್ಟು ಮಧ್ಯಸ್ಥಿಕೆಗೆ ಕಳಿಸಿದೆ, ಮಧ್ಯಸ್ಥಗಾರರಾಗಿ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಕೂರುತ್ತಾರೆ ಎಂದು ತಿಳಿದ ಕೂಡಲೇ ಕಕ್ಷಿದಾರರ ಮನೆಯಲ್ಲಿ ಅರ್ಧ ಚಿಂತೆ ಇಳಿಯುತ್ತದೆ. 'ದೊಡ್ಡವರು, ಕಾನೂನು ಗೊತ್ತಿರೋರು, ಅವರೇ ಏನೋ ಒಂದು ದಾರಿ ಹೇಳ್ತಾರೆ ಬಿಡಿ' ಅನ್ನುತ್ತಾರೆ. ಎಡವಟ್ಟು ಶುರುವಾಗುವುದೇ ಇಲ್ಲಿಂದ. ಆ ಕೋಣೆಯಲ್ಲಿ ಅವರಿಗೆ ತೀರ್ಪು ಕೊಡುವ ಅಧಿಕಾರ ಇರುವುದಿಲ್ಲ. ಅವರು ಸೂಚಿಸಿದ ಮೊತ್ತಕ್ಕೆ ನೀವು ಒಪ್ಪಲೇಬೇಕೆಂದಿಲ್ಲ, ವಿಮಾ ಕಂಪನಿಯೂ ಒಪ್ಪಬೇಕಿಲ್ಲ. ಅವರ ಬಳಿ ಉಳಿದಿರುವುದು ಅನುಭವ ಮಾತ್ರ. ಇಂಥದೇ ಕಡತಗಳ ಮೇಲೆ ವರ್ಷಗಟ್ಟಲೆ ಪರಿಹಾರದ ಲೆಕ್ಕ ಹಾಕಿದವರು, ಯಾವ ದಾಖಲೆ ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂದು ಬಲ್ಲವರು. ಆ ಅನುಭವ ಬೇಕಾದರೆ ನಿಮ್ಮ ಲೆಕ್ಕವನ್ನು ನೀವು ಮಾಡಿಕೊಂಡು ಹೋಗಿ, ಸರಿಯಾದ ಪ್ರಶ್ನೆ ಕೇಳಬೇಕು. ಕೈಕಟ್ಟಿ ಕೂತರೆ ಕೊನೆಗೆ ಅವರ ಬಾಯಿಂದ ಬಂದ ಯಾವುದೋ ಒಂದು ಸಂಖ್ಯೆಗೆ 'ಆಯ್ತು ಸ್ವಾಮಿ' ಎಂದು ಸಹಿ ಹಾಕಿ ಬರುತ್ತೀರಿ.

ಮುಂದಿರುವುದೆಲ್ಲ ಕರ್ನಾಟಕದ ರಸ್ತೆ ಅಪಘಾತದ ಕೇಸುಗಳನ್ನು, ಅಂದರೆ ಜನ 'ಎಂವಿಸಿ ಕೇಸು' ಎನ್ನುವುದನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅದರಲ್ಲೂ ಗಾಯದ ಕೇಸುಗಳು. ಸಾವಿನ ಕೇಸಿನಲ್ಲಿ ಲೆಕ್ಕದ ದಾರಿ ಸ್ವಲ್ಪ ಬೇರೆ.

ಮೊದಲ ಹೆಜ್ಜೆ: ಯಾವ ಬಾಗಿಲಿಗೆ ಬಂದಿದ್ದೀರಿ ಎಂದು ತಿಳಿದುಕೊಳ್ಳಿ

ಲೋಕ ಅದಾಲತ್, ಮಧ್ಯಸ್ಥಿಕೆ, ಪಂಚಾಯ್ತಿಕೆ ಎಲ್ಲವನ್ನೂ ಜನ 'ರಾಜಿ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವ್ಯತ್ಯಾಸ ಇದೆ. ಲೋಕ ಅದಾಲತ್‌ನಲ್ಲಿ ಒಂದೇ ದಿನ ನೂರಾರು ಕಡತ ಬರುತ್ತವೆ, ನಿಮ್ಮ ಪಾಲಿಗೆ ಕೆಲವು ನಿಮಿಷ. ಅಲ್ಲಿ ಆದ ರಾಜಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಬಲ ಇರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಮಧ್ಯಸ್ಥಿಕೆಯಲ್ಲಿ ನಿಮ್ಮ ಒಂದು ಕೇಸಿಗೇ ಗಂಟೆಗಟ್ಟಲೆ ಸಮಯ ಸಿಗುತ್ತದೆ, ಬೇಕಿದ್ದರೆ ಇನ್ನೊಂದು ದಿನಕ್ಕೆ ಮುಂದೂಡಬಹುದು. ಒಪ್ಪಂದವಾದರೆ ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಅಂದರೆ ಟ್ರಿಬ್ಯುನಲ್‌ಗೆ ಹೋಗಿ ಅಲ್ಲಿ ಆದೇಶವಾಗುತ್ತದೆ. ಪಂಚಾಯ್ತಿಕೆ, ಅಂದರೆ ಆರ್ಬಿಟ್ರೇಶನ್ ಬೇರೆಯೇ ಸಂಗತಿ. ಅಲ್ಲಿ ಎದುರಿಗೆ ಕೂತವರು ನಿರ್ಧಾರ ಕೊಟ್ಟೇ ಕೊಡುತ್ತಾರೆ. ಎರಡನ್ನೂ ಹಲವು ಸಲ ನಿವೃತ್ತ ನ್ಯಾಯಾಧೀಶರೇ ನಡೆಸುವುದರಿಂದ ಗೊಂದಲ ಸಹಜ. ಸಹಿ ಹಾಕುವ ಕಾಗದದ ಮೇಲೆ ಏನಿದೆ ಎಂದು ವಕೀಲರಿಂದ ಓದಿಸಿಕೊಳ್ಳಿ.

ಕೋರ್ಟು ಕೇಸನ್ನು ಹೀಗೆ ಕಳಿಸುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 89ರ ದಾರಿಯಲ್ಲಿ. ಅಪಘಾತ ಪರಿಹಾರದ ಕೇಸುಗಳು ಇದಕ್ಕೆ ತಕ್ಕವು ಎಂದು ಸುಪ್ರೀಂ ಕೋರ್ಟ್ 2010ರ ಆಫ್ಕಾನ್ಸ್ ತೀರ್ಪಿನಲ್ಲೇ ಪಟ್ಟಿ ಮಾಡಿದೆ. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಂತಹ ಕೋರ್ಟು ಆಶ್ರಯದ ಕೇಂದ್ರಗಳಲ್ಲಿ ಕಕ್ಷಿದಾರರು ಮಧ್ಯಸ್ಥಗಾರರಿಗೆ ಫೀಸು ಕೊಡುವಂತಿಲ್ಲ. ಅಲ್ಲಿ ಕೂರುವವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಹಿರಿಯ ವಕೀಲರು, ಜೊತೆಗೆ ನಿವೃತ್ತ ನ್ಯಾಯಾಧೀಶರೂ ಇರುತ್ತಾರೆ. ಕೋರ್ಟಿನ ಹೊರಗೆ ಖಾಸಗಿಯಾಗಿ ನಿವೃತ್ತ ನ್ಯಾಯಾಧೀಶರನ್ನು ಗೊತ್ತುಮಾಡಿಕೊಂಡರೆ ಫೀಸು ಇರುತ್ತದೆ. ಅದನ್ನು ಯಾರು ಕೊಡುತ್ತಾರೆ ಎಂಬುದು ಮೊದಲೇ ಬರವಣಿಗೆಯಲ್ಲಿ ಇರಲಿ. 'ಫೀಸೆಲ್ಲ ಕಂಪನಿಯೇ ಕೊಡುತ್ತೆ' ಎಂಬ ಮಾತು ಬಂದರೆ ಖುಷಿಪಡುವ ಮೊದಲು ಇನ್ನೊಂದು ಕೇಳಿ: ಇದೇ ಕಂಪನಿಯ ಬೇರೆ ಕೇಸುಗಳನ್ನೂ ಇವರು ನಡೆಸುತ್ತಾರೆಯೇ? ಕೇಳುವುದರಲ್ಲಿ ಅವಮರ್ಯಾದೆ ಏನಿಲ್ಲ. ಒಳ್ಳೆಯ ಮಧ್ಯಸ್ಥಗಾರರು ತಾವಾಗಿಯೇ ಹೇಳಿಬಿಡುತ್ತಾರೆ.

ಎರಡನೆಯದು: ಈಗ ರಾಜಿಗೆ ಕೂರುವ ಹೊತ್ತೇ?

ಇಲ್ಲಿ ಎರಡು ಗಡಿಯಾರ ನಡೆಯುತ್ತಿರುತ್ತವೆ.

ಒಂದು, ಕಾನೂನಿನದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಾಗಿ, ಸೆಕ್ಷನ್ 166ರ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಾಗಿದೆ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಹಾಗೆಂದು ಅದರ ಮೇಲೆ ಭಾರ ಹಾಕಿ ಕೂರಬೇಡಿ. ಕಂಪನಿಯವರು 'ಮಾತುಕತೆ ನಡೀತಿದೆಯಲ್ಲ, ಕೇಸು ಯಾಕೆ' ಎನ್ನುತ್ತ ತಿಂಗಳು ದೂಡಿದರೆ ಹೊಣೆ ನಿಮ್ಮದೇ. ಅರ್ಜಿ ಹಾಕಿಯೇ ಮಾತಾಡಿ. ಅರ್ಜಿ ಹಾಕಿದ್ದರಿಂದ ಯಾವ ರಾಜಿಯೂ ಕೆಟ್ಟಿದ್ದಿಲ್ಲ.

ಇನ್ನೊಂದು, ದೇಹದ್ದು. ರಾಜಿ ಒಂದೇ ಸಲ. ಸಹಿಯಾದ ಮೇಲೆ 'ಮೂಳೆ ಕೂಡಲಿಲ್ಲ, ಇನ್ನೊಂದು ಆಪರೇಶನ್ ಅಂತೆ' ಎಂದು ವಾಪಸು ಹೋಗಲು ಬಾಗಿಲಿಲ್ಲ. ಹಾಗಾಗಿ ಚಿಕಿತ್ಸೆ ಒಂದು ಹಂತಕ್ಕೆ ಬಂದು ನಿಲ್ಲುವವರೆಗೆ, ಅಂದರೆ ಇನ್ನು ಇದಕ್ಕಿಂತ ಹೆಚ್ಚು ಸುಧಾರಿಸದು ಎಂದು ಮೂಳೆ ಡಾಕ್ಟರು ಹೇಳುವವರೆಗೆ ಅಂತಿಮ ಮೊತ್ತಕ್ಕೆ ಒಪ್ಪಬೇಡಿ. ಕಾಲಲ್ಲಿ ಪ್ಲೇಟು, ರಾಡು ಇನ್ನೂ ಇದ್ದರೆ ಅದನ್ನು ತೆಗೆಸುವ ಖರ್ಚಿನ ಅಂದಾಜು ಪತ್ರ ಆಸ್ಪತ್ರೆಯಿಂದ ಬರೆಸಿಕೊಂಡಿರಿ. ತಲೆಗೆ ಪೆಟ್ಟಾದ ಕೇಸುಗಳಲ್ಲಂತೂ ಅವಸರ ಬೇಡವೇ ಬೇಡ. ಮರೆವು, ಸಿಟ್ಟು, ಫಿಟ್ಸ್ ಕಾಣಿಸಿಕೊಳ್ಳಲು ಕಾಲ ಹಿಡಿಯಬಹುದು, ಅದನ್ನು ಮೊದಲು ಗಮನಿಸುವುದೂ ಮನೆಯವರೇ.

ಕೈಯಲ್ಲಿ ಕಾಸಿಲ್ಲದೆ ರಾಜಿಗೆ ಓಡುವವರೂ ಇದ್ದಾರೆ, ಅದು ಅರ್ಥವಾಗುವ ಮಾತು. ಅಂಥವರು ತಿಳಿದಿರಬೇಕಾದ್ದು ಅದೇ ಕಾಯ್ದೆಯ ಸೆಕ್ಷನ್ 164. ತಪ್ಪು ಯಾರದೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ನಿಗದಿ. ಆದರೆ ಆ ದಾರಿಯಲ್ಲಿ ಹಣ ಪಡೆದರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಗಾಯಕ್ಕೆ ಆ ಮೊತ್ತ ಯಾವ ಮೂಲೆಗೂ ಸಾಲದು, ವಕೀಲರನ್ನು ಕೇಳದೆ ಆ ಕಡೆ ಹೆಜ್ಜೆ ಇಡಬೇಡಿ. ಗುದ್ದಿ ಓಡಿದ ವಾಹನ ಪತ್ತೆಯೇ ಆಗದಿದ್ದರೆ ಸೆಕ್ಷನ್ 161ರ ಯೋಜನೆ ಬೇರೆ: ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ. ಅದಕ್ಕೆ ಮಧ್ಯಸ್ಥಿಕೆಯ ಪ್ರಶ್ನೆಯೇ ಬರುವುದಿಲ್ಲ.

ಮೂರು: ಕಾಗದ ಪತ್ರ

ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ವಾಹನ ತಪಾಸಣೆಯ ಐಎಂವಿ ವರದಿ, ಚಾರ್ಜ್‌ಶೀಟ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಅಂಗವೈಕಲ್ಯದ ಪ್ರಮಾಣಪತ್ರ, ಬಿಲ್ಲುಗಳು. ಇದೆಲ್ಲ ವಕೀಲರ ಕಡತದಲ್ಲಿ ಇರುತ್ತದೆ. ಅಲ್ಲಿ ಸಿಗದ ಕೆಲವು ಸಂಗತಿಗಳನ್ನು ಮಾತ್ರ ಹೇಳುತ್ತೇನೆ.

ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಒಯ್ದು ಮೇಜಿನ ಮೇಲೆ ಸುರಿಯುವುದು ನಮ್ಮ ಜನರ ಪದ್ಧತಿ. ಮೆಡಿಕಲ್ ಶಾಪಿನ ರಸೀದಿ ಕೆಲವೇ ತಿಂಗಳಲ್ಲಿ ಬಿಳಿ ಕಾಗದವಾಗುತ್ತದೆ, ಮೊದಲೇ ಜೆರಾಕ್ಸ್ ಮಾಡಿಸಿ. ತಾರೀಕಿನ ಪ್ರಕಾರ ಜೋಡಿಸಿ, ಒಂದು ಹಾಳೆಯಲ್ಲಿ ತಾರೀಕು, ಅಂಗಡಿ, ಮೊತ್ತ ಬರೆದು ಕೆಳಗೆ ಒಟ್ಟು ಹಾಕಿ. ಪ್ರತಿ ಔಷಧದ ಬಿಲ್ಲಿಗೆ ಡಾಕ್ಟರ ಚೀಟಿ ಹೊಂದಬೇಕು. ಹೊಂದದ್ದನ್ನು ನೀವೇ ಪಕ್ಕಕ್ಕಿಡಿ. ಎದುರಿನವರ ಕಣ್ಣಿಗೆ ಅಂಥ ಒಂದು ಬಿಲ್ಲು ಬಿದ್ದರೆ ಉಳಿದ ಕಟ್ಟನ್ನೂ ಅನುಮಾನದಿಂದ ತಿರುವುತ್ತಾರೆ. ಆಸ್ಪತ್ರೆ ಬಿಲ್ಲನ್ನು ಮೆಡಿಕ್ಲೇಮ್, ಅಂದರೆ ನಿಮ್ಮ ಆರೋಗ್ಯ ವಿಮೆ ಕಟ್ಟಿದ್ದರೆ ಮುಚ್ಚಿಡಬೇಡಿ. ಆ ಹಣವನ್ನು ಪರಿಹಾರದಿಂದ ಕಳೆಯಬೇಕೋ ಬೇಡವೋ ಎಂಬುದು ಹೈಕೋರ್ಟುಗಳ ನಡುವೆಯೇ ತಕರಾರಿನ ವಿಷಯ. ಅದನ್ನು ಚೌಕಾಸಿಯ ಅಂಶವಾಗಿ ಇಟ್ಟುಕೊಳ್ಳಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಮಾತ್ರ ಮಾತೇ ಮುರಿಯುತ್ತದೆ.

ಆದಾಯದ ದಾಖಲೆ ಇನ್ನೊಂದು ತಲೆನೋವು. ಸಂಬಳದವರಿಗೆ ಪೇ ಸ್ಲಿಪ್, ವ್ಯಾಪಾರಿಗಳಿಗೆ ಐಟಿ ರಿಟರ್ನ್ಸ್ ಇದೆ. ದಿನಗೂಲಿಯವರಿಗೆ? ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಮೂಲಕ ಬಂದ ಮಜೂರಿ, ಮೇಸ್ತ್ರಿಯ ಹಾಜರಿ ಪುಸ್ತಕದ ಪುಟ, ಕಾರ್ಮಿಕ ಇಲಾಖೆಯ ಕಟ್ಟಡ ಕಾರ್ಮಿಕರ ಕಾರ್ಡು, ಏನು ಸಿಗುತ್ತದೋ ಅದು. ಏನೂ ಇಲ್ಲದಿದ್ದರೆ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿರುವ, ಅಪಘಾತದ ವರ್ಷಕ್ಕೆ ತಕ್ಕ ಅಂದಾಜು ಆದಾಯದ ಪಟ್ಟಿ ಇದೆ. ಇಲ್ಲಿನ ಟ್ರಿಬ್ಯುನಲ್‌ಗಳೂ ಹೈಕೋರ್ಟೂ ಅದನ್ನು ಬಳಸುತ್ತ ಬಂದಿವೆ. ನಿಮ್ಮ ವರ್ಷದ ಸಂಖ್ಯೆ ಎಷ್ಟು ಎಂದು ವಕೀಲರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿಯವರು ಅದಕ್ಕಿಂತ ಕೆಳಗಿಳಿದರೆ ಅಲ್ಲೇ ತಡೆಯಬಹುದು.

ನಾಲ್ಕನೆಯ ಹೆಜ್ಜೆ: ಲೆಕ್ಕ. ಇದನ್ನು ಬಿಟ್ಟು ಹೋಗಲೇಬೇಡಿ

ಕೋಣೆಯಲ್ಲಿರುವ ನಿವೃತ್ತ ನ್ಯಾಯಾಧೀಶರಿಗೆ ಈ ಲೆಕ್ಕ ಬಾಯಿಪಾಠ. ವಿಮಾ ಅಧಿಕಾರಿ ಮಾಡಿಕೊಂಡೇ ಬಂದಿರುತ್ತಾರೆ. ಲೆಕ್ಕ ಗೊತ್ತಿಲ್ಲದೆ ಕೂರುವುದು ಗಾಯಾಳು ಒಬ್ಬರೇ, ಹಣ ಬೇಕಿರುವುದೂ ಅವರಿಗೇ.

ಒಂದು ಕಲ್ಪಿತ ಉದಾಹರಣೆ ಹಿಡಿಯೋಣ. ಟೈಲ್ಸ್ ಹಾಕುವ ಕೆಲಸಗಾರ, 34 ವರ್ಷ. ಬೈಕಿಗೆ ಕಾರು ಗುದ್ದಿ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿದೆ, ಪ್ಲೇಟು ಹಾಕಿದ್ದಾರೆ. ತಿಂಗಳ ಆದಾಯ 15,000 ಎಂದು ಇಟ್ಟುಕೊಳ್ಳೋಣ. ಆ ಕಾಲಿಗೆ ಶೇ 30 ಅಂಗವೈಕಲ್ಯ ಎಂದು ಡಾಕ್ಟರು ಬರೆದಿದ್ದಾರೆ.

ಮೊದಲು ಆಗಿಹೋದ ಮತ್ತು ಕಣ್ಣಿಗೆ ಕಾಣುವ ಬಾಬ್ತುಗಳು. ಆಸ್ಪತ್ರೆ, ಔಷಧ 1,60,000. ನಾಲ್ಕು ತಿಂಗಳು ಕೆಲಸವಿಲ್ಲದ್ದಕ್ಕೆ 60,000. ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು 30,000. ಪ್ಲೇಟು ತೆಗೆಸಲು 40,000. ನೋವು ಸಂಕಟಕ್ಕೆ 50,000, ಬದುಕಿನ ಸೌಕರ್ಯ ಕಳೆದುಕೊಂಡದ್ದಕ್ಕೆ 40,000. ಎಲ್ಲ ಸೇರಿ 3,80,000. ಕೊನೆಯ ಎರಡು ಬಾಬ್ತಿಗೆ ಸೂತ್ರವಿಲ್ಲ, ಗಾಯದ ಗಾತ್ರ ನೋಡಿ ಹಾಕುವುದು.

ಇನ್ನು ದೊಡ್ಡ ಬಾಬ್ತು, ಮುಂದಿನ ದುಡಿಮೆಯ ನಷ್ಟ. ಇದಕ್ಕೆ ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸಬೇಕಾದ ಸಂಖ್ಯೆ ಕೊಟ್ಟಿದೆ. 15ರಿಂದ 25 ವರ್ಷಕ್ಕೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದರ ಮೇಲೆ 5. ನಮ್ಮ ಕೆಲಸಗಾರನಿಗೆ 16. ಈಗ ಪ್ರಶ್ನೆ, ಶೇಕಡಾ ಎಷ್ಟು ನಷ್ಟ?

ಕಂಪನಿಯವರು ಹೇಳುವುದು: ಕಾಲಿಗೆ 30 ಅಂದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, 10. ಇದು ನಮ್ಮ ಕೋರ್ಟುಗಳಲ್ಲಿ ಬಳಕೆಯಲ್ಲಿರುವ ರೂಢಿಯೇ. 15,000 × 12 × 16ರಲ್ಲಿ ಶೇ 10 ಎಂದರೆ 2,88,000. ಮೊದಲಿನದು ಸೇರಿ 6,68,000.

ಆದರೆ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ: ನೋಡಬೇಕಾದ್ದು ಅಂಗದ ಊನ ಎಷ್ಟು ಎಂದಷ್ಟೇ ಅಲ್ಲ, ಆ ಊನದಿಂದ ಈ ಮನುಷ್ಯನ ಈ ಕೆಲಸಕ್ಕೆ ಎಷ್ಟು ಪೆಟ್ಟು ಎಂಬುದು. ಅದೇ ಕಾಲು ಕಚೇರಿಯಲ್ಲಿ ಕೂತು ಕೆಲಸ ಮಾಡುವವನದಾದರೆ ಒಂದು ಲೆಕ್ಕ. ಟೈಲ್ಸ್ ಹಾಕುವವನು ದಿನವಿಡೀ ಕುಕ್ಕರಗಾಲಲ್ಲಿ ಕೂರಬೇಕು, ಮೊಣಕಾಲು ಮಡಚದಿದ್ದರೆ ಕಸುಬೇ ಹೋಯಿತು. ಹೀಗೆ ಶೇ 20 ಎಂದು ಒಪ್ಪಿಸಲು ಸಾಧ್ಯವಾದರೆ 5,76,000, ಒಟ್ಟು 9,56,000. ಇದರ ಮೇಲೆ ಭವಿಷ್ಯದ ಆದಾಯ ವೃದ್ಧಿ ಎಂದು 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಶೇ 40 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳುತ್ತದೆ. ಅದು ಸಾವಿನ ಕೇಸು. ಗಾಯದ ಕೇಸಿಗೂ ಇದು ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ ಮುಂದೆ ಹೇಳಿದೆಯಾದರೂ ಸಣ್ಣ ಊನಕ್ಕೆ ಟ್ರಿಬ್ಯುನಲ್‌ಗಳು ಸುಲಭದಲ್ಲಿ ಕೊಡುವುದಿಲ್ಲ. ಕೊಟ್ಟರೆ ಮುಂದಿನ ದುಡಿಮೆಯ ನಷ್ಟವೇ 8,06,400 ಆಗುತ್ತದೆ, ಒಟ್ಟು 11,86,400.

ಅದೇ ಮನುಷ್ಯ, ಅದೇ ಕಾಲು, ಅದೇ ಡಾಕ್ಟರ ಚೀಟಿ. ಮೊತ್ತ ಮಾತ್ರ 6.68 ಲಕ್ಷದಿಂದ 11.86 ಲಕ್ಷದವರೆಗೆ ಓಡಾಡುತ್ತದೆ. ಭವಿಷ್ಯದ ವೃದ್ಧಿ ಸೇರಿಸದಿದ್ದರೂ ಒಂದೊಂದು ಪರ್ಸೆಂಟಿಗೆ 28,800 ರೂಪಾಯಿ. ಹೀಗಿರುವಾಗ ಮಧ್ಯಸ್ಥಿಕೆಯ ಹೊತ್ತನ್ನೆಲ್ಲ ಆಟೊ ಬಾಡಿಗೆಯ ಬಿಲ್ಲಿಗಾಗಿ ಜಗಳವಾಡಿ ಕಳೆಯುವುದು ಎಂಥ ನಷ್ಟ! ಮಾತು ನಡೆಯಬೇಕಾದ್ದು ಆ ಪರ್ಸೆಂಟಿನ ಮೇಲೆ.

ಇಳಿಸುವ ಅಂಶವೂ ಲೆಕ್ಕದಲ್ಲಿರಲಿ. ಹೆಲ್ಮೆಟ್ ಇರಲಿಲ್ಲ, ಒನ್‌ವೇನಲ್ಲಿ ಎದುರು ಬಂದಿದ್ದ, ಮೂವರು ಕೂತಿದ್ದರು ಎಂಬಂತಹವು ಚಾರ್ಜ್‌ಶೀಟ್ ಅಥವಾ ಸ್ಕೆಚ್‌ನಲ್ಲಿ ಇದ್ದರೆ 'ನಿಮ್ಮದೂ ತಪ್ಪಿದೆ' ಎಂಬ ವಾದ ಬರುತ್ತದೆ. ಶೇ 25 ನಿಮ್ಮ ತಲೆಗೆ ಬಂದರೆ 9,56,000ದಲ್ಲಿ 2,39,000 ಹೋಯಿತು.

ಕೊನೆಗೆ ಬಡ್ಡಿ. ಅರ್ಜಿ ಹಾಕಿದ ದಿನದಿಂದ ಶೇ 6 ಎಂದರೂ ಎರಡು ವರ್ಷಕ್ಕೆ ಒಂದು ಲಕ್ಷ ದಾಟುತ್ತದೆ. ಇದನ್ನು ನೆನಪಿಡಲು ಕಾರಣವಿದೆ, ಮುಂದೆ ಹೇಳುತ್ತೇನೆ.

ಒಂದು ಚೀಟಿಯಲ್ಲಿ ಎರಡು ಸಂಖ್ಯೆ ಬರೆದು ಜೇಬಿನಲ್ಲಿಡಿ. ಟ್ರಿಬ್ಯುನಲ್‌ನಲ್ಲಿ ನಡೆದರೆ ಬರಬಹುದಾದದ್ದು ಒಂದು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಮನೆಯಲ್ಲಿ ಗಂಡ ಹೆಂಡತಿ, ಅಪ್ಪ ಅಮ್ಮ ಕೂತು ಮಾತಾಡಿಯೇ ಬರೆಯಿರಿ. ಆ ಕೋಣೆಯಲ್ಲಿ ಸಂಜೆಯ ಹೊತ್ತಿಗೆ ದಣಿದು ಕೂತಾಗ ಅದನ್ನು ನಿರ್ಧರಿಸಲು ಆಗುವುದಿಲ್ಲ.

ಐದು: ಎದುರುಗಡೆ ಯಾರು ಬರುತ್ತಾರೆ

ಕಂಪನಿಯ ವಕೀಲರು ಮಾತ್ರ ಬಂದರೆ ಆ ದಿನ ಏನೂ ನಡೆಯದು. 'ಮೇಲಿನವರನ್ನು ಕೇಳಿ ಹೇಳ್ತೀವಿ' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಕ್ಲೇಮ್ ವಿಭಾಗದ ಅಧಿಕಾರಿ ಬರಬೇಕು, ಅವರಿಗೆ ಎಷ್ಟು ಮೊತ್ತದವರೆಗೆ ಒಪ್ಪುವ ಅಧಿಕಾರವಿದೆ ಎಂಬುದು ಗೊತ್ತಿರಬೇಕು. ಇದನ್ನು ನೀವು ಕೇಳುವುದಕ್ಕಿಂತ ಮಧ್ಯಸ್ಥಗಾರರಿಂದ ಕೇಳಿಸುವುದು ಒಳ್ಳೆಯದು. ಹಿಂದೆ ನ್ಯಾಯಾಧೀಶರಾಗಿದ್ದವರು ಫೋನ್ ಮಾಡಿ 'ಅಧಿಕಾರ ಇರುವವರನ್ನೇ ಕಳಿಸಿ' ಎಂದರೆ ಕಂಪನಿಯವರು ತಳ್ಳಿಹಾಕುವುದು ಕಷ್ಟ. ನಿವೃತ್ತ ನ್ಯಾಯಾಧೀಶರ ತೂಕ ನಿಜವಾಗಿ ಕೆಲಸಕ್ಕೆ ಬರುವ ಜಾಗಗಳಲ್ಲಿ ಇದೊಂದು. ಗುದ್ದಿದ್ದು ಸರ್ಕಾರಿ ಸಾರಿಗೆ ನಿಗಮದ ಬಸ್ಸಾದರೆ ಎದುರಿಗೆ ಇರುವುದು ನಿಗಮವೇ, ಅಲ್ಲಿನ ಅನುಮತಿಯ ದಾರಿ ಇನ್ನಷ್ಟು ಉದ್ದ.

ಪಾಲಿಸಿಯದೇ ತಕರಾರು ಇದ್ದರೆ, ಅಂದರೆ ಡ್ರೈವರಿಗೆ ಲೈಸೆನ್ಸ್ ಇರಲಿಲ್ಲ, ವಿಮೆ ಮುಗಿದಿತ್ತು ಎಂಬಂತಹ ಮಾತು ಬಂದರೆ ವಾಹನದ ಮಾಲೀಕರೂ ಕೂರಬೇಕಾಗುತ್ತದೆ. ಅವರಿಲ್ಲದ ರಾಜಿ ಅರ್ಧ ರಾಜಿ.

ಆರು: ಕೋಣೆಯೊಳಗೆ

ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಧ್ಯಸ್ಥಗಾರರು ನಿಯಮ ಹೇಳುತ್ತಾರೆ. ಇಲ್ಲಿ ಆಡಿದ ಮಾತು ಹೊರಗೆ ಹೋಗದು, ಕೋರ್ಟಿನಲ್ಲಿ ಸಾಕ್ಷ್ಯವಾಗದು. ಆಮೇಲೆ ಒಂದೊಂದು ಕಡೆಯವರನ್ನು ಬೇರೆ ಬೇರೆ ಕರೆದು ಮಾತಾಡಿಸುತ್ತಾರೆ. ನಿಮ್ಮ ಹತ್ತಿರ ಗುಟ್ಟಾಗಿ ಕೇಳಿದ್ದನ್ನು ನೀವು ಬೇಡವೆಂದರೆ ಆ ಕಡೆಗೆ ಹೇಳುವುದಿಲ್ಲ. ನಿಜವಾದ ಕೆಲಸ ನಡೆಯುವುದು ಈ ಎರಡನೆಯ ಸುತ್ತಿನಲ್ಲಿ.

ನಮ್ಮ ಟೈಲ್ಸ್ ಕೆಲಸಗಾರನನ್ನೇ ಅಲ್ಲಿ ಕೂರಿಸೋಣ. ಜೊತೆಗೆ ಹೆಂಡತಿ, ವಕೀಲರು. ಮಧ್ಯಸ್ಥಗಾರರು ಕೇಳುತ್ತಾರೆ.

"ಏನಪ್ಪ, ಈಗ ಕೆಲಸಕ್ಕೆ ಹೋಗ್ತಿದೀಯಾ?"

ನೋಡಲು ಕುಶಲ ವಿಚಾರಿಸಿದ ಹಾಗಿದೆ. ಇಡೀ ಕೇಸು ಈ ಪ್ರಶ್ನೆಯ ಮೇಲೆ ನಿಂತಿದೆ. 'ಇಲ್ಲ ಸ್ವಾಮಿ, ಮನೇಲೇ ಬಿದ್ದಿದೀನಿ' ಎಂದು ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಅಂಥ ಉತ್ತರ ಕೇಳಿಯೇ ಅವರ ಕೂದಲು ಬೆಳ್ಳಗಾಗಿರುವುದು. 'ಹೂಂ ಹೋಗ್ತಿದೀನಿ' ಎಂದಷ್ಟೇ ಹೇಳಿದರೆ ಪರ್ಸೆಂಟು ಇಳಿಯಿತು. ಇದ್ದದ್ದನ್ನು ಬಿಡಿಸಿ ಹೇಳಬೇಕು.

"ಹೋಗ್ತೀನಿ ಸಾರ್. ಆದ್ರೆ ಕುಕ್ಕರಗಾಲಲ್ಲಿ ಕೂರಕ್ಕಾಗಲ್ಲ. ಟೈಲ್ಸ್ ಹಾಕೋದು ಬಿಟ್ಟು ಮೇಸ್ತ್ರಿ ಈಗ ಸಿಮೆಂಟ್ ಕಲಸೋಕೆ, ಸಾಮಾನು ಕಾಯೋಕೆ ಹಾಕ್ತಾರೆ. ಕೂಲಿ ದಿನಕ್ಕೆ ಮುನ್ನೂರು ಕಮ್ಮಿ. ಅದೂ ದಿನಾ ಕರೆಯಲ್ಲ."

ಮಧ್ಯಸ್ಥಗಾರರು ಪೆನ್ನು ಎತ್ತಿಕೊಂಡು ವಕೀಲರ ಕಡೆ ತಿರುಗುತ್ತಾರೆ. "ಇದು ಅರ್ಜಿಯಲ್ಲಿ ಎಲ್ಲೂ ಇಲ್ವಲ್ಲ?"

ಹೆಂಡತಿ ನಡುವೆ ಬಾಯಿ ಹಾಕುತ್ತಾಳೆ. "ಮನೇಲಿ ಕೆಳಗೆ ಕೂತು ಊಟನೂ ಮಾಡಲ್ಲ ಸಾರ್, ಮಂಚದ ಮೇಲೇ ತಟ್ಟೆ."

ಸೌಕರ್ಯ ಕಳೆದುಕೊಂಡದ್ದಕ್ಕೆ ಎಂದು ವಕೀಲರು ಅರ್ಜಿಯಲ್ಲಿ ಒಂದು ಸಾಲು ಬರೆದಿರುತ್ತಾರಲ್ಲ, ಅದಕ್ಕೆ ಜೀವ ಬರುವುದು ಇಂಥ ಮಾತಿನಿಂದ. ಅದಕ್ಕೇ ಜೊತೆಯಲ್ಲಿ ಮನೆಯವರೊಬ್ಬರು ಇರಲಿ. ಊರ ಗಣ್ಯರು, ಪಕ್ಷದ ಮುಖಂಡರು ಮಾತ್ರ ಬೇಡ.

ಈಗ ನೀವು ಕೇಳಬೇಕಾದ ಸರದಿ. 'ನೀವೇ ಹೇಳಿ ಸ್ವಾಮಿ, ಎಷ್ಟಕ್ಕೆ ಒಪ್ಪಲಿ' ಎಂದು ಕೇಳಬೇಡಿ. ಅದು ಮಧ್ಯಸ್ಥಗಾರರನ್ನು ಮತ್ತೆ ನ್ಯಾಯಾಧೀಶರ ಪೀಠಕ್ಕೆ ಹತ್ತಿಸಿದ ಹಾಗೆ. ಕೆಲವರು ಹಳೆಯ ಅಭ್ಯಾಸಕ್ಕೆ ಹತ್ತಿಯೂ ಬಿಡುತ್ತಾರೆ. ಬದಲಿಗೆ ಹೀಗೆ ಕೇಳಿ: ಈ ಕಡತ ಟ್ರಿಬ್ಯುನಲ್‌ನಲ್ಲಿ ನಡೆದರೆ ಇದರಲ್ಲಿ ಎಲ್ಲಿ ತೂತು ಕಾಣುತ್ತದೆ? ಡಾಕ್ಟರು ಸಾಕ್ಷಿಗೆ ಬಂದರೆ ಯಾವ ಪ್ರಶ್ನೆಗೆ ತಡವರಿಸಬಹುದು? ಪರ್ಸೆಂಟು ಏರಿಸಲು ಇನ್ನು ಯಾವ ಕಾಗದ ತರಬಹುದು? ಇಂಥ ಪ್ರಶ್ನೆಗೆ ಅವರಷ್ಟು ಚೆನ್ನಾಗಿ ಉತ್ತರಿಸಬಲ್ಲವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ. ಮೇಸ್ತ್ರಿಯ ಒಂದು ಪತ್ರ, ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂಬ ಡಾಕ್ಟರ ಬರಹ ಬೇಕೆಂದು ಅವರೇ ಹೇಳಿದರೆ, ಇನ್ನೊಂದು ದಿನಾಂಕ ಕೇಳಿ ಪಡೆಯಿರಿ. ಆತುರವೇನಿಲ್ಲ.

ಅವರು ಒತ್ತಡ ಹಾಕುತ್ತಿದ್ದಾರೆ ಅನ್ನಿಸಿದರೆ? 'ಇಷ್ಟಕ್ಕೆ ಒಪ್ಪಿಬಿಡಮ್ಮ, ಹೈಕೋರ್ಟಿಗೆ ಹೋದ್ರೆ ಇನ್ನೂ ಐದು ವರ್ಷ' ಎಂಬ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ, ಟ್ರಿಬ್ಯುನಲ್ ಆದೇಶದ ಮೇಲೆ ಕಂಪನಿ ಸೆಕ್ಷನ್ 173ರಡಿ ಹೈಕೋರ್ಟಿಗೆ ಅಪೀಲು ಹೋಗಬಹುದು. ಆದರೂ ಹೊರಗೆ ಹೋಗಿ ಮಾತಾಡಿ ಬರುತ್ತೇವೆ ಎಂದು ಎದ್ದು ಬನ್ನಿ. ಎದ್ದು ಬಂದರೆ ಅವರಿಗೆ ಬೇಸರವಾಗುತ್ತದೆ, ಮುಂದೆ ಕೇಸಿಗೆ ತೊಂದರೆ ಎಂಬ ಭಯ ಬೇಡ. ರಾಜಿಯಾಗದಿದ್ದರೆ 'ರಾಜಿಯಾಗಲಿಲ್ಲ' ಎಂಬುದಷ್ಟೇ ಕೋರ್ಟಿಗೆ ಹೋಗಬೇಕು, ಯಾರು ಏನೆಂದರು ಎಂಬುದು ಹೋಗಕೂಡದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಖಚಿತವಾಗಿ ಹೇಳಿದೆ.

ಏಳು: ಚೌಕಾಸಿ

ಕಂಪನಿಯ ಮೊದಲ ಮೊತ್ತ ಕೇಳಿ ಸಿಟ್ಟು ಬರುತ್ತದೆ, ಬರಲಿ. ಅದು ಕೊನೆಯ ಮೊತ್ತವಲ್ಲ. ಉತ್ತರವಾಗಿ ಸಂಖ್ಯೆ ಎಸೆಯುವ ಬದಲು 'ಈ ಮೊತ್ತದಲ್ಲಿ ಆದಾಯ ಎಷ್ಟು ಹಿಡಿದಿದ್ದೀರಿ, ಪರ್ಸೆಂಟು ಎಷ್ಟು' ಎಂದು ಮಧ್ಯಸ್ಥಗಾರರ ಮೂಲಕ ಕೇಳಿಸಿ. ಅವರ ಲೆಕ್ಕದ ಹಾಳೆ ಹೊರಬಂದ ಮೇಲೆ ಜಗಳ ಇರುವುದು ಒಂದೋ ಎರಡೋ ಸಾಲಿನಲ್ಲಿ ಎಂದು ಕಾಣುತ್ತದೆ. ಅಲ್ಲಿಂದ ಮಾತು ಹಗುರ.

ಇಲ್ಲೊಂದು ಗುಂಡಿ ಇದೆ. ರಾಜಿಯ ಮೊತ್ತವನ್ನು ಸಾಮಾನ್ಯವಾಗಿ 'ಗ್ಲೋಬಲ್' ಎನ್ನುತ್ತಾರೆ. ಅಂದರೆ ಬಡ್ಡಿ, ಖರ್ಚು ಎಲ್ಲ ಸೇರಿ ಇಷ್ಟೇ. ನೀವು ಮನಸ್ಸಿನಲ್ಲಿ 8 ಲಕ್ಷ ಮತ್ತು ಬಡ್ಡಿ ಎಂದುಕೊಂಡಿದ್ದು, ಅವರು ಬಡ್ಡಿ ಸೇರಿ 8 ಲಕ್ಷ ಎಂದುಕೊಂಡಿದ್ದರೆ ಲಕ್ಷದ ವ್ಯತ್ಯಾಸ ಕಾಗದದ ಮೇಲೆ ಬಂದ ಮೇಲೇ ಗೊತ್ತಾಗುವುದು. ಪ್ರತಿ ಸಲ ಸಂಖ್ಯೆ ಬಂದಾಗಲೂ 'ಬಡ್ಡಿ ಸೇರಿಯೋ, ಬಿಟ್ಟೋ' ಎಂದು ಕೇಳಿ.

ವಕೀಲರ ಫೀಸಿನ ಮಾತು ಇಲ್ಲಿಗೇ ಬರಲಿ. ಪರಿಹಾರದಲ್ಲಿ ಇಂತಿಷ್ಟು ಪರ್ಸೆಂಟು ಎಂದು ಫೀಸು ಗೊತ್ತುಮಾಡುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ನಡೆಯುವುದಂತೂ ನಡೆಯುತ್ತಿದೆ. ರಾಜಿ ಮೊತ್ತಕ್ಕೆ ಒಪ್ಪುವ ಮೊದಲು ಕೈಗೆ ಬರುವುದೆಷ್ಟು ಎಂದು ನಿಮ್ಮ ವಕೀಲರನ್ನು ನೇರವಾಗಿ ಕೇಳಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು ಎಂಬುದೂ ಗೊತ್ತಿರಲಿ.

ಎಂಟು: ಒಪ್ಪಂದದ ಕಾಗದ

ಮೊತ್ತ ಕುದುರಿದ ಕೂಡಲೇ ಎಲ್ಲರಿಗೂ ಮನೆಗೆ ಹೋಗುವ ಆತುರ. ತಪ್ಪು ಆಗುವುದು ಆ ಅರ್ಧ ಗಂಟೆಯಲ್ಲಿ. ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಸಾಲು ಸಾಲಾಗಿ ಹೇಳಿಸಿಕೊಳ್ಳಿ. ಹೀಗೆ ವಿವರಿಸಿದ್ದಾರೆಂದು ಅದರಲ್ಲೇ ಬರೆಸಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಎಷ್ಟು ದಿನದೊಳಗೆ ಹಣ ಜಮಾ ಮಾಡಬೇಕು, ತಪ್ಪಿದರೆ ಆ ದಿನದಿಂದ ಎಷ್ಟು ಬಡ್ಡಿ ಎಂಬ ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಟ್ರಿಬ್ಯುನಲ್ ಆದೇಶವಾದರೆ 30 ದಿನದೊಳಗೆ ಹಣ ಕಟ್ಟಬೇಕೆಂದು ಕಾಯ್ದೆಯೇ ಹೇಳುತ್ತದೆ, ಒಪ್ಪಂದದಲ್ಲಿ ಅದಕ್ಕಿಂತ ತುಂಬ ಸಡಿಲ ಬಿಡಲು ಕಾರಣವಿಲ್ಲ. ಮಾಲೀಕರ ಮೇಲೆ ಕಂಪನಿಗೆ ತಕರಾರು ಇದ್ದರೆ ಅದು ಅವರಿಬ್ಬರ ನಡುವಿನದು, ನಿಮ್ಮ ಹಣ ಅದಕ್ಕೆ ಕಾಯುವಂತಿಲ್ಲ ಎಂಬುದು ಸ್ಪಷ್ಟವಾಗಲಿ. ಮುಂದಿನ ಆಪರೇಶನ್ ಖರ್ಚು ಸೇರಿದೆಯೇ ಎಂಬುದೂ.

ಬ್ಯಾಂಕ್ ಖಾತೆಯ ವಿವರ ತಪ್ಪಿಲ್ಲದೆ ಇರಲಿ. ಪರಿಹಾರ ನೇರವಾಗಿ ಹಕ್ಕುದಾರರ ಖಾತೆಗೇ ಹೋಗುವ ವ್ಯವಸ್ಥೆ ಆಗಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಬೇರೆಯವರ ಖಾತೆ ನಂಬರು ಬರೆಸಲು ಯಾರಾದರೂ ಹೇಳಿದರೆ ಪೆನ್ನು ಕೆಳಗಿಡಿ.

ಗಾಯಾಳು 18 ತುಂಬದ ಮಗುವಾದರೆ ತಂದೆ ತಾಯಿಯ ಸಹಿ ಒಂದೇ ಸಾಲದು. ರಾಜಿ ಮಗುವಿನ ಹಿತಕ್ಕಿದೆ ಎಂದು ಕೋರ್ಟು ಒಪ್ಪಿ ಅನುಮತಿ ಕೊಡಬೇಕು, ಹಣವನ್ನು ಸಾಮಾನ್ಯವಾಗಿ ವಯಸ್ಕನಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಓದು ಬರಹ ಬಾರದವರ, ಹಾಸಿಗೆ ಹಿಡಿದವರ ಹಣದಲ್ಲೂ ಒಂದು ಪಾಲು ಠೇವಣಿಯಾಗಬಹುದು. ಚಿಕಿತ್ಸೆಗೆ, ಮನೆ ಸಾಲಕ್ಕೆ ತಕ್ಷಣ ಎಷ್ಟು ಬೇಕು ಎಂದು ಕಾರಣ ಸಮೇತ ಮೊದಲೇ ತಿಳಿಸಿದರೆ ಅಷ್ಟನ್ನು ಬಿಡುಗಡೆ ಮಾಡಿಸಿಕೊಳ್ಳಬಹುದು.

ಆಮೇಲೆ

ಒಪ್ಪಂದ ಟ್ರಿಬ್ಯುನಲ್‌ಗೆ ಹೋಗಿ ಆದೇಶವಾಗುವ ದಿನ ನೀವೂ ಇರಿ, ಪ್ರಮಾಣೀಕೃತ ನಕಲು ಪಡೆಯಿರಿ. ಗಡುವು ದಾಟಿದರೆ ಮಧ್ಯಸ್ಥಗಾರರ ಮನೆಗೆ ಅಲೆಯಬೇಡಿ, ಅವರ ಕೆಲಸ ಮುಗಿದಿರುತ್ತದೆ. ಆದೇಶ ಜಾರಿ ಮಾಡಿಸಲು ವಕೀಲರ ಮೂಲಕ ಟ್ರಿಬ್ಯುನಲ್‌ನಲ್ಲೇ ಅರ್ಜಿ ಹಾಕಬೇಕು.

ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು ಈ ರಾಜಿಯಿಂದ ತಾನಾಗಿ ಮುಗಿಯುವುದಿಲ್ಲ. ಸಾಕ್ಷಿ ಹೇಳಲು ಸಮನ್ಸ್ ಬಂದರೆ ಹೋಗಲೇಬೇಕು. 'ದುಡ್ಡು ಬಂತಲ್ಲ, ಇನ್ನು ಸುಮ್ಮನಿರು' ಎಂದು ಆ ಕಡೆಯವರು ಹೇಳಿದರೂ ಸಮನ್ಸ್ ಕಳಿಸಿರುವುದು ಕೋರ್ಟು.